ಸತ್ತವನಿಗೆ ಕೊಟ್ಟ ಕಣ್ಣು

೧೯೧೨ರ ಅಕ್ಟೋಬರ್ ಎಂಟು, ಮಂಗಳವಾರ, ಬೆಳಿಗ್ಗೆ ಒಂಬತ್ತು ಗಂಟೆ ಇಪ್ಪತ್ತು ನಿಮಿಷ. ಸಮುದ್ರ ನುಂಗಿ ಕಕ್ಕಿದ್ದ ಮನುವೆಲ್‌ನ ಹೆಣದ ಪಕ್ಕ ಚಿತ್ರಕಾರ ಎಲ್‌ಬ್ರಿಜ್ ಹೋಯ್ಟ್ ಸ್ಟೂಲು ಎಳೆದುಕೊಂಡು ಕೂತ. ಕೋಣೆಯಲ್ಲಿ ಮೇಣ, ಉಪ್ಪುಮೀನು, ಒದ್ದೆ ಉಣ್ಣೆಯ ವಾಸನೆ. ಅವನು ಮೀನುಗಾರರ ಊರಾದ ಪ್ರಾವಿನ್ಸ್‌ಟೌನಿಗೆ ಬಂದು ಚಿತ್ರಶಾಲೆ ತೆರೆದು ಒಂದು ಬೇಸಿಗೆಯಷ್ಟೇ ಕಳೆದಿತ್ತು. ಮನುವೆಲ್‌ನ ಅಪ್ಪ, ದೋಣಿಗಳ ಯಜಮಾನ, ಸತ್ತ ಮಗನ ಭಾವಚಿತ್ರ ಬರೆಯಲು ಕರೆಸಿದ್ದು ತನ್ನ ಅದೃಷ್ಟವೆಂದೇ ಅವನು ಎಣಿಸಿದ್ದ.

"ಕಣ್ಣು ಮುಚ್ಚಿದ ಹಾಗೇ ಬರೀರಿ ಮೇಷ್ಟ್ರೇ," ಎಂದಳು ಸತ್ತವನ ತಾಯಿ ಫಿಲೊಮೆನಾ.

"ಯಜಮಾನರು ತೆರೆದ ಕಣ್ಣೇ ಬೇಕು ಅಂದಿದ್ದಾರಲ್ಲಮ್ಮಾ."

"ಅವರಿಗೇನು ಗೊತ್ತು? ನಾನು ಹುಟ್ಟಿ ಬೆಳೆದ ದ್ವೀಪದ ಮಂತ್ರ ಹಾಕಿ ಈ ಕಣ್ಣು ನಾನೇ ಕಟ್ಟಿದೀನಿ. ಬಿಚ್ಚಿದ್ರೆ ಅವನಿಗೆ ಯಾರದಾದ್ರೂ ಕಣ್ಣು ಕೊಡಲೇಬೇಕು."

"ಕೊಡೋಣ ಬಿಡಿ. ನನ್ನ ಪೆಟ್ಟಿಗೇಲಿ ಬಣ್ಣಕ್ಕೇನು ಬರವೇ?"

ಅವಳು ನಗಲಿಲ್ಲ. ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು.

ಮುಚ್ಚಿದ ರೆಪ್ಪೆ ನೋಡಿ ಕಣ್ಣು ಬರೆಯಲಾಗದು. ಬದುಕಿದ ಮಾದರಿ ಬೇಕು. ಮರುದಿನ ಎಲ್‌ಬ್ರಿಜ್ ತನ್ನ ವಿದ್ಯಾರ್ಥಿನಿ ಡೆಲಿಯಾ ಮರ್ಚ್‌ಳನ್ನು ಕಿಟಕಿಯ ಬೆಳಕಿನಲ್ಲಿ ಕೂರಿಸಿದ. ಇಡೀ ಶಾಲೆಯಲ್ಲಿ ಅವಳಷ್ಟು ಚೆನ್ನಾಗಿ ನೋಡಬಲ್ಲವರು ಇನ್ನೊಬ್ಬರಿರಲಿಲ್ಲ. ಕಣ್ಣು ಬರೆಯುವ ಪಾಠ ಎಂದು ತರಗತಿಗೆ ಹೇಳಿದ. ಯಾರ ಮುಖಕ್ಕೆ ಎಂಬುದನ್ನು ಅವಳಿಗೆ ಹೇಳಲಿಲ್ಲ. ಪಾಪೆಗಳಲ್ಲಿ ಹೊಳಪಿಗೆಂದು ಬಿಳಿಯ ಕೊನೆಯ ಚುಕ್ಕೆ ಇಟ್ಟಾಗ ಚಿತ್ರದ ರೆಪ್ಪೆ ಅಲುಗಿದಂತಾಯಿತು. ಎಣ್ಣೆ ಹಸಿಯಿದೆ, ಹೊಳೆಯುತ್ತದೆ ಎಂದುಕೊಂಡ.

ಗುರುವಾರ ನಡುಮಧ್ಯಾಹ್ನ ಡೆಲಿಯಾ ಗೊಣಗಿದಳು: "ಬೆಳಕು ಸಾಲ್ತಿಲ್ಲ. ಯಾರಾದ್ರೂ ಪರದೆ ಸರಿಸ್ರೋ."

"ಸರಿಸೇ ಇದೆಯಲ್ಲೇ! ರಾತ್ರಿಯೆಲ್ಲಾ ಎಲ್ಲಿ ಕುಣಿಯೋಕೆ ಹೋಗಿದ್ದೆ?" ಎಂದು ಪಕ್ಕದವಳು ನಕ್ಕಳು.

ಎಲ್‌ಬ್ರಿಜ್ ನಗಲಿಲ್ಲ. ಡೆಲಿಯಾಳ ಪಾಪೆಗಳ ಮೇಲೆ ಮಂಜು ಕೂತಿತ್ತು. ಚಿತ್ರದ ಪಾಪೆಗಳು ತೊಳೆದಿಟ್ಟಂತೆ ಹೊಳೆಯುತ್ತಿದ್ದವು. ಆ ಕ್ಷಣವೇ ಫಿಲೊಮೆನಾಳ ಮಾತು ಅವನಿಗೆ ಅರ್ಥವಾಯಿತು. ಆದರೆ ಶನಿವಾರ ಬಾಸ್ಟನ್ನಿನ ಕಲಾಶಾಲೆಯೊಂದರವರು ಈ ಚಿತ್ರ ನೋಡಲು ಬರುವವರಿದ್ದರು. ಹಿಡಿಸಿದರೆ ಮುಖ್ಯ ಶಿಕ್ಷಕನ ಹುದ್ದೆ. ಶನಿವಾರ ಕಳೆಯಲಿ, ಆ ಕಣ್ಣು ಕೆರೆದುಬಿಡುತ್ತೇನೆ ಎಂದು ತನಗೆ ತಾನೇ ಹೇಳಿಕೊಂಡ. ಶುಕ್ರವಾರ ಅವಳು ಗೋಡೆ ಹಿಡಿದು ನಡೆದಾಗಲೂ ಅದನ್ನೇ ಹೇಳಿಕೊಂಡ.

ಶನಿವಾರ ಅವರು ಬಂದರು, ಬೆರಗಾದರು, ಅವನ ಕೈ ಕುಲುಕಿದರು. ಅವರ ಗಾಡಿ ತಿರುವು ದಾಟುವ ಮೊದಲೇ ಪಕ್ಕದ ಕೋಣೆಯಲ್ಲಿ ಡೆಲಿಯಾ ಚೀರಿದಳು. ಪೂರ್ತಿ ಕತ್ತಲೆ.

ಅವನು ಕೆರೆಯುವ ಚಾಕು ಹಿಡಿದು ಓಡಿದ. ಚಿತ್ರದ ಬಲಗಣ್ಣು ಕೆರೆದ. ಬಣ್ಣ ಉದುರಿತು. ಕ್ಯಾನ್ವಾಸಿನಿಂದ ಉಪ್ಪುನೀರು ಜಿನುಗಿತು. ಕೊಳೆತ ಪಾಚಿಯ ನಾತ. ಡೆಲಿಯಾಳ ಅಳು ನಿಲ್ಲಲಿಲ್ಲ.

ಬಾಗಿಲಲ್ಲಿ ಫಿಲೊಮೆನಾ ನಿಂತಿದ್ದಳು. "ಕೆರೆದ್ರೆ ಸಾಲದು. ಅವಳದ್ದು ವಾಪಸ್ ಬೇಕಾದ್ರೆ ನಿಮ್ಮದು ಬರೀರಿ."

ಕನ್ನಡಿ ಇಟ್ಟ. ತನ್ನ ಬಲಗಣ್ಣು ನೋಡಿದ. ಬರೆದ. ರೆಪ್ಪೆ. ಪಾಪೆ. ಬಿಳಿಯ ಚುಕ್ಕೆ. ಬಲಗಡೆಯ ಲೋಕ ಫಕ್ಕನೆ ಆರಿತು.

"ಮೇಷ್ಟ್ರೇ! ಕಿಟಕಿ ಕಾಣ್ತಿದೆ! ಒಂದು ಕಣ್ಣಲ್ಲಿ ಕಾಣ್ತಿದೆ!"

"ಇನ್ನೊಂದು?" ಎಂದಳು ಫಿಲೊಮೆನಾ.

ಅವನು ಕುಂಚ ಕೆಳಗಿಟ್ಟ.

ಯಜಮಾನನಿಗೆ ಕಣ್ಣು ಮುಚ್ಚಿದ ಬೇರೆ ಚಿತ್ರ ಬರೆದುಕೊಟ್ಟು, ಮೊದಲಿನದನ್ನು ತಾನೇ ಇಟ್ಟುಕೊಂಡ. ಈಗ ಬಾಸ್ಟನ್ನಿನ ಅವನ ತರಗತಿಯಲ್ಲಿ ಡೆಲಿಯಾ ಮೊದಲ ಸಾಲಿನಲ್ಲಿ ಕತ್ತು ಓರೆ ಮಾಡಿ ಕೂರುತ್ತಾಳೆ. ಮೇಷ್ಟ್ರ ಕಣ್ಣನ್ನೂ ತನ್ನದರಂತೆ ಯಾವುದೋ ಬೇನೆ ತಿಂದಿತೆಂದು ನಂಬಿದ್ದಾಳೆ. ಅವನಿಗಾಗಿ ಬಿಸಿ ಸೂಪು ತಂದಿಟ್ಟು ನಗುತ್ತಾಳೆ: "ನಾವಿಬ್ಬರೂ ಸೇರಿದ್ರೆ ಒಬ್ಬ ಪೂರ್ತಿ ಕಲಾವಿದ, ಅಲ್ವಾ ಮೇಷ್ಟ್ರೇ?"

ಅವನು ಬಟ್ಟಲನ್ನು ಪಕ್ಕಕ್ಕೆ ಸರಿಸುತ್ತಾನೆ. ಪ್ರತಿದಿನ ಬೆಳಿಗ್ಗೆ ಅವನು ಆ ಚಿತ್ರವಿಟ್ಟ ಕೋಣೆಯ ಬೀಗ ತೆಗೆದು, ಕನ್ನಡಿ ಇಟ್ಟು, ಚಿತ್ರದ ಎಡಗಣ್ಣಿನತ್ತ ಕುಂಚ ಚಾಚುತ್ತಾನೆ. ಅಲ್ಲಿಂದ ಡೆಲಿಯಾಳ ಕಣ್ಣು ಅವನನ್ನೇ ನೋಡುತ್ತಿರುತ್ತದೆ.

ಇವತ್ತೂ ಕುಂಚದ ತುದಿ ಕ್ಯಾನ್ವಾಸು ಮುಟ್ಟದೆ ನಾಲ್ಕು ಇಂಚು ದೂರದಲ್ಲೇ ನಿಂತಿತು.