ಹುಸಿರು

ಮುದುಕನಿಗೆ ಮರೆವು ಬಂದಿದೆ, ಹೋದ ಸಲ ಹುಡುಗಿ ಬಸ್ಸಿನಲ್ಲಿ ಹೋದಳು ಅಂದಿದ್ದ, ಈ ಸಲ ರೈಲು ಅಂತಾನೆ ಎಂದು ಯಾರೋ ಹಲ್ಲು ಕಿಸಿದಿರಂತೆ. ಕಿಸಿಯಿರಿ. ನಿಮ್ಮ ಹೆಂಡತಿಯ ಫೋನ್ ನಂಬರು ನಿಮಗೆ ಬಾಯಿಗೆ ಬರುವುದಿಲ್ಲ, ನನ್ನ ನೆನಪಿಗೆ ಪರೀಕ್ಷೆ ಇಡುವುದಕ್ಕೆ ಬರುತ್ತೀರಿ. ಬಸ್ಸು. ಬಸ್ಸಿನಲ್ಲೇ ಹೋದಳು, ಕಿಟಕಿಯ ಗಾಜು ಮೇಲೇರದೆ ಸಿಕ್ಕಿಹಾಕಿಕೊಂಡಿದ್ದ ಬಸ್ಸು. ಅವಳು ನನ್ನ ತಂಗಿಯ ಮಗಳು. ಈ ಕಥೆಯನ್ನು ಅವಳ ಬಾಯಿಂದಲೇ ಕೇಳಿದ್ದೇನೆ, ಅಳುವ ಮುಂಚೆ ಒಂದು ಸಲ, ಅತ್ತು ಮುಗಿದ ಮೇಲೆ ಇನ್ನೊಂದು ಸಲ. ಎರಡು ಸಲವೂ ಒಂದೇ ಥರ ಹೇಳಿದಳು. ಈಗ ಬಾಯಿ ಮುಚ್ಚಿ ಕಿವಿ ಬಿಚ್ಚಿ.

ಆಸ್ಪತ್ರೆಗಳ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿಯಲ್ಲಿ ಅವಳಿಗೆ ಇಸ್ತ್ರಿ ಕೆಲಸ. ಒದ್ದೆ ಬೆಡ್‌ಶೀಟನ್ನು ಎರಡು ಬಿಸಿ ಉರುಳೆಗಳ ನಡುವೆ ತೂರಿಸಬೇಕು, ಆ ಕಡೆ ಚಪ್ಪಟೆಯಾಗಿ ಬಂದದ್ದನ್ನು ಜೊತೆಯವಳೊಂದಿಗೆ ಹಿಡಿದು ಮಡಿಸಬೇಕು. ಯಾವ ಶೀಟಿನ ಮೇಲೆ ಯಾರು ನರಳಿದರು, ಯಾರು ಸತ್ತರು, ಕೇಳಬಾರದು. ವಯಸ್ಸು ಮೂವತ್ತು ದಾಟಿತ್ತು. ನನ್ನ ತಂಗಿ ತೀರಿಕೊಂಡ ಮೇಲೆ ತನ್ನ ಅಣ್ಣ-ಅತ್ತಿಗೆಯ ಮನೆಯಲ್ಲಿ ಅವಳಿಗೊಂದು ಕೋಣೆ, ಅದರಲ್ಲಿ ಅರ್ಧ ಅವರ ಮುರುಕು ಸೋಫಾದ ಪಾಲು.

ಅವಳಿಗಿದ್ದ ಸುಖವೆಂದರೆ ಒಂದು ಟಿವಿ ಧಾರಾವಾಹಿ. ನಡುಗಡ್ಡೆಯ ಮೇಲೆ ಹಡಗುಗಳಿಗೆ ದೀಪ ತೋರಿಸುವ ಒಬ್ಬ ಹೆಣ್ಣು, ಅವಳಿಗೆ ಎಣ್ಣೆ ತಂದುಕೊಡುವ ಒಬ್ಬ ದೋಣಿಯವ. ಇಬ್ಬರ ಮನಸ್ಸಿನಲ್ಲೂ ಬೆಟ್ಟದಷ್ಟು, ಬಾಯಲ್ಲಿ ಸಾಸಿವೆಯಷ್ಟೂ ಇಲ್ಲ. ಒಂದು ದಿನ ದೋಣಿ ಮಂಜಿನೊಳಗೆ ಹೋಯಿತು. ಚಾನೆಲ್‌ನವರು ಅಲ್ಲಿಗೇ ಧಾರಾವಾಹಿ ನಿಲ್ಲಿಸಿಬಿಟ್ಟರು. ನೋಡುತ್ತಿದ್ದವರು ಸುಮ್ಮನಿರುತ್ತಾರೆಯೇ? ಆನ್‌ಲೈನಿನಲ್ಲಿ ಫ್ಯಾನ್ ಗ್ರೂಪ್ ಕಟ್ಟಿಕೊಂಡು ಮುಂದಿನ ಕಥೆಯನ್ನು ತಾವೇ ಬರೆಯತೊಡಗಿದರು. ಒಬ್ಬ ದೋಣಿ ಮುಳುಗಿಸಿದ. ಇನ್ನೊಬ್ಬಳು ದೋಣಿಯವನಿಗೆ ಆಚೆ ದಡದಲ್ಲಿ ಹೆಂಡತಿ-ಮಕ್ಕಳನ್ನೇ ಹುಟ್ಟಿಸಿದಳು. ಅದನ್ನು ಓದಿ ನಮ್ಮ ಹುಡುಗಿಗೆ ಮೈಯೆಲ್ಲ ಉರಿಯಿತು. ತಾನೇ ಬರೆಯಲು ಕುಳಿತಳು.

ಬರೆದಳೇನೋ ಸರಿ. ಆದರೆ ನಮ್ಮ ಮನೆತನದ ನಾಲಗೆ ನಿಮಗೆ ಗೊತ್ತಲ್ಲ, ಹಾಲು ನಮಗೆ ಆಲು, ಹಗಲು ಅಗಲು. ಮಹಾಪ್ರಾಣದ ಸುದ್ದಿಯೇ ಬೇಡ. ಅವಳ ದೋಣಿಯವ ‘ಗಂಬೀರ’ವಾಗಿ ‘ಬಯ’ವಿಲ್ಲದೆ ನಿಂತ. ಕೆಳಗೆ ಒಂದು ಕಾಮೆಂಟ್ ಬಂತು:

“ಪಾಪ, ನಿಮ್ಮ ದೋಣಿಯವನ ಎದೇಲಿ ಗಾಳಿನೇ ಇಲ್ಲ. ಗಂಭೀರ, ಭಯ ಅಂತ ಸ್ವಲ್ಪ ಉಸಿರು ತುಂಬಿ. ಮಹಾಪ್ರಾಣ ಇಲ್ದೆ ಅವನು ಬದುಕೋದು ಹೇಗೆ?”

ಗ್ರೂಪಿಗೆ ಗ್ರೂಪೇ ನಕ್ಕಿತು. ಅವಳ ಕಿವಿ ಇಸ್ತ್ರಿ ಉರುಳೆಯ ಹಾಗೆ ಕಾದವು. ಟೈಪ್ ಮಾಡಿದಳು: “ಮಹಾಪ್ರಾಣ ನೀವೇ ಇಟ್ಕೊಳ್ಳಿ ಸ್ವಾಮಿ. ನಾವು ಅಲ್ಪಪ್ರಾಣಗಳು, ಇಷ್ಟರಲ್ಲೇ ಬದುಕ್ತೀವಿ.”

ಅಲ್ಲಿಗೆ ನಾಮಕರಣ ಆಯಿತು. ಅವನು ಮಹಾಪ್ರಾಣ, ಇವಳು ಅಲ್ಪಪ್ರಾಣ. ನಿಜವಾದ ಹೆಸರು ಅಲ್ಲಿ ಯಾರಿಗೆ ಬೇಕಿತ್ತು?

ಸಂಜೆಗೆ ಅವನದೇ ಮೆಸೇಜು, ಈ ಸಲ ಗುಟ್ಟಾಗಿ, ಅವಳೊಬ್ಬಳಿಗೇ. “ಎಲ್ಲರ ಮುಂದೆ ನಗಿಸಿದ್ದು ತಪ್ಪಾಯ್ತು. ಆದ್ರೆ ಒಂದು ಮಾತು. ನಿಮ್ಮ ಅಕ್ಷರ ತಪ್ಪು, ಕಣ್ಣು ಸರಿ ಇದೆ. ಹಾಕೋ ಮುಂಚೆ ನನಗೊಮ್ಮೆ ಕಳಿಸ್ತೀರಾ?”

“ಎಷ್ಟು ತಪ್ಪಿದೆ ಅಂತ ಎಣಿಸೋಕಾ?”

“ಎಣಿಸೋಕೆ ಬರಲ್ಲ ನನಗೆ. ತಿದ್ದೋಕೆ ಬರತ್ತೆ.”

ಹಾಗೆ ಶುರುವಾಯಿತು. ಅವಳು ಕಳಿಸುವುದು, ಅವನು ತಿದ್ದುವುದು. ಅಕ್ಷರದಿಂದ ಅವನು ಮಾತಿಗೆ ಬಂದ. “ಅಲ್ಪಾ, ನಿನ್ನ ದೀಪದವಳು ಮೂರು ಹೊತ್ತೂ ಅಳ್ತಾಳಲ್ಲ. ಉಪ್ಪುನೀರು ಸಮುದ್ರದಲ್ಲೇ ಬೇಕಾದಷ್ಟಿದೆ. ಅವಳ ಕೈ ಏನು ಮಾಡ್ತಿದೆ, ಅದನ್ನ ಹೇಳು.”

ಮಾರನೆಯ ದಿನ ಕೆಲಸದಲ್ಲಿ ಅವಳು ತನ್ನ ಕೈಗಳನ್ನೇ ನೋಡಿಕೊಂಡಳು. ಜೊತೆಯವಳು ಬಂದಿರಲಿಲ್ಲ. ದೊಡ್ಡ ಶೀಟನ್ನು ಒಬ್ಬಳೇ ಮಡಿಸುವುದು ಹೇಗೆ? ಒಂದು ತುದಿಯನ್ನು ಬಾಗಿಲಿಗೆ ಸಿಕ್ಕಿಸಿ ಬಾಗಿಲು ಮುಚ್ಚಬೇಕು, ಬಾಗಿಲೇ ಇನ್ನೊಬ್ಬರು. ಆ ದಿನ ಬರೆದಳು: ದೋಣಿಯವ ಬಿಟ್ಟುಹೋದ ಕಂಬಳಿಯನ್ನು ದೀಪದವಳು ಬಾಗಿಲಿಗೆ ಸಿಕ್ಕಿಸಿ ಮಡಿಸುತ್ತಾಳೆ. ಅಷ್ಟೇ. ಒಂದು ಹನಿ ಕಣ್ಣೀರಿಲ್ಲ.

ಗ್ರೂಪಿನವರು ಆ ಸಲ ನಗಲಿಲ್ಲ. “ಓದಿ ಎದ್ದು ಹೋಗಿ ಬಾಗಿಲು ಮುಟ್ಟಿ ಬಂದೆ” ಎಂದು ಯಾರೋ ಬರೆದರು. ಎಲ್ಲದಕ್ಕೂ ಕೊಂಕು ತೆಗೆಯುವ ಒಬ್ಬನಿದ್ದ ಅಲ್ಲಿ, ಅವನನ್ನು ಕೊಕ್ಕೆ ಎಂದೇ ಕರೆಯುತ್ತಿದ್ದರು. ಅವನೂ ಬಾಯಿ ಮುಚ್ಚಿಕೊಂಡಿದ್ದ. ಮಹಾಪ್ರಾಣ ಮಾತ್ರ ಬರೆದ: “ಆ ಬಾಗಿಲಿನ ಜಾಗದಲ್ಲಿ ನಿಂತ್ಕೊಳ್ಳೋಣ ಅನ್ಸತ್ತೆ.”

ಅದನ್ನು ಓದಿ ಇವಳು ಅಡುಗೆಮನೆಯಲ್ಲಿ ನಿಂತು ನಕ್ಕಳು. ಅತ್ತಿಗೆ ಬಿಟ್ಟಾಳೆಯೇ? “ಫೋನ್ ನೋಡಿ ನಗೋರಿಗೆ ಗಂಡು ಹುಡುಕೋದೇ ಬೇಡ. ಫೋನಿಗೇ ಕೊಟ್ಟು ಮದುವೆ ಮಾಡಿದ್ರಾಯ್ತು.”

“ಮಾಡಿ ಅತ್ತಿಗೆ. ಅದಾದ್ರೂ ಕರೆದಾಗ ಓಗೊಡತ್ತೆ.”

ಓಗೊಡಲಿಲ್ಲ, ಅದೇ ಗೋಳು. ಒಂದು ದಿನ ಧೈರ್ಯ ಮಾಡಿ ಫೋನ್ ಹಚ್ಚಿದಳು. ಅವನು ಕತ್ತರಿಸಿದ. ಮತ್ತೆ ಹಚ್ಚಿದಳು, ಮತ್ತೆ ಕತ್ತರಿಸಿದ. “ಮಾತು ಬೇಡ ಅಲ್ಪಾ. ಬರಹ ಸಾಕು” ಎಂದು ಮೆಸೇಜು. ಇಸ್ತ್ರಿಯವಳ ಮಾತು ಕೇಳಿಸಿಕೊಳ್ಳಲೂ ನಾಚಿಕೆಯೇನೋ ಎಂದು ಅವಳೊಳಗೆ ಒಂದು ಮುಳ್ಳು ಕೂತಿತು.

ತಿದ್ದಿಸಿಕೊಂಡು ತಿದ್ದಿಸಿಕೊಂಡು ಅವಳಿಗೆ ಹಕಾರದ ಭಯ ಹಿಡಿದಿತ್ತು. ಎಲ್ಲಿ ಬಿಟ್ಟುಹೋಗುತ್ತದೋ ಎಂದು ಬೇಡದ ಕಡೆಯೂ ಹಾಕುವುದು. ಎಣ್ಣೆ ಹೆಣ್ಣೆಯಾಯಿತು, ಅಲೆ ಹಲೆಯಾಯಿತು. ಅವನು ಎಲ್ಲವನ್ನೂ ತಿದ್ದುತ್ತಿದ್ದ. ಆದರೆ ಒಂದು ಕಂತಿನಲ್ಲಿ ‘ದೀಪದವಳು ಹುಸಿರು ಬಿಗಿಹಿಡಿದು ಕಾದಳು’ ಎಂದಿದ್ದದ್ದು ಹಾಗೆಯೇ ಉಳಿಯಿತು. ಅವನು ನೋಡಿ ಕಳಿಸಿದ್ದಾನೆಂಬ ನಂಬಿಕೆಯಲ್ಲಿ ಇವಳು ಹಾಕಿಬಿಟ್ಟಳು.

ಕೊಕ್ಕೆ ಕಾದಿದ್ದ. “ಹುಸಿರಾ? ಮಹಾಪ್ರಾಣ ಅವರೇ, ಶಿಷ್ಯೆ ಹುಸಿರು ಬಿಡ್ತಿದಾಳೆ, ಡಾಕ್ಟರಿಗೆ ತೋರಿಸಿ!” ಮತ್ತೆ ನಗೆಯೋ ನಗೆ.

ಅವಳು ಅವನಿಗೆ ಬರೆದಳು: “ನೋಡಿದ್ರಾ ಇಲ್ವಾ?”

“ನೋಡಿದೆ.”

“ತಿದ್ದಲಿಲ್ಲ ಯಾಕೆ?”

“ಅದು ಇರಲಿ ಅನ್ನಿಸ್ತು.”

ಬೇಕೆಂದೇ ಬಿಟ್ಟಿದ್ದಾನೆ! ನಾಲ್ಕು ಜನ ನಗಲಿ ಎಂದು! “ನಗೋಕೆ ಒಬ್ಬಳು ಬೇಕಿತ್ತು ನಿಮಗೆ, ನಾನು ಸಿಕ್ಕಿದೆ. ಇನ್ನು ನಾನು ಬರೆಯಲ್ಲ” ಎಂದು ಕಳಿಸಿ ಗ್ರೂಪಿನಿಂದಲೇ ಹೊರಬಿದ್ದಳು. ದೋಣಿ ಮಂಜಿನಲ್ಲೇ ಉಳಿಯಿತು. ಅವನೂ ಏನೂ ಬರೆಯಲಿಲ್ಲ. ಇವಳು ಫೋನನ್ನು ಬೋರಲು ಹಾಕಿ ಮಲಗುವಳು, ಮತ್ತೆ ಎದ್ದು ಅಂಗಾತ ಮಾಡುವಳು.

ಕೊನೆಗೆ ಅವನ ನಂಬರಿನಿಂದಲೇ ಬಂದ ಮೆಸೇಜು ಅವನದಾಗಿರಲಿಲ್ಲ. “ನಾನು ಅವನ ಅಕ್ಕ. ಅವನ ಶ್ವಾಸಕೋಶ ಹೋಗಿದೆ ತಾಯಿ, ವರ್ಷಗಳಿಂದ. ಡಾಕ್ಟರು ಕೈ ಚೆಲ್ಲಿದ್ದಾರೆ. ದೋಣಿ ಏನಾಯ್ತು ಅಂತ ಕೇಳ್ತಾನೇ ಇರ್ತಾನೆ. ಬರೋಕಾಗತ್ತಾ?” ಕೆಳಗೆ ವಿಳಾಸ.

ಬಸ್ಸು ಹತ್ತಿದಳು. ಹೇಳಿದೆನಲ್ಲ, ಕಿಟಕಿ ಮುಚ್ಚದ ಬಸ್ಸು. ದಾರಿಯುದ್ದಕ್ಕೂ ಮುಖಕ್ಕೆ ರಾಚುವಷ್ಟು ಗಾಳಿ. ಇಷ್ಟು ಗಾಳಿ ಇದೆ ಲೋಕದಲ್ಲಿ, ಒಂದು ಎದೆಗೆ ಸಾಲದೇ ಹೋಯಿತಲ್ಲ ಎಂದುಕೊಂಡಳಂತೆ. ಮಡಿಲಲ್ಲಿ ಫೋನು ಹಿಡಿದು ಕೊನೆಯ ಕಂತು ಬರೆಯುತ್ತಲೇ ಹೋದಳು.

ಸೈಕಲ್ ಅಂಗಡಿಯ ಮೇಲಿನ ಕೋಣೆ. ಗುಂಯ್‌ಗುಡುವ ಆಮ್ಲಜನಕದ ಯಂತ್ರ, ಅದರಿಂದ ಮೂಗಿಗೊಂದು ಕೊಳವೆ. ಹಾಸಿಗೆಯಲ್ಲಿ ದಿಂಬಿಗೆ ಒರಗಿದ ಮೂಳೆ-ಚಕ್ಕಳದ ಗಂಡಸು. ಅವನ ಕಣ್ಣು ಮೊದಲು ಅವಳ ಚಪ್ಪಲಿ ನೋಡಿತು, ಆಮೇಲೆ ಉರುಳೆ ಸುಟ್ಟ ಗುರುತಿದ್ದ ಮುಂಗೈ. ಮುಖಕ್ಕೆ ಬರಲು ಹೊತ್ತು ಹಿಡಿಯಿತು. ಬಂದ ಮೇಲೆ ಕದಲಲಿಲ್ಲ.

“ಅಲ್ಪಾ?”

“ಎಸರು ಮಾತ್ರ ಮಹಾ. ಆಳು ನೋಡಿದ್ರೆ ಇಷ್ಟೇ ಇಷ್ಟು.”

“ಹೆಸರು…” ಎಂದ ಅವನು, “ನೀನೇ… ಇಟ್ಟಿದ್ದು.”

ಒಂದು ಮಾತಿಗೂ ಇನ್ನೊಂದಕ್ಕೂ ನಡುವೆ ಅವನು ಮೆಟ್ಟಿಲು ಹತ್ತಿದವನ ಹಾಗೆ ದಮ್ಮು ಎಳೆಯುತ್ತಿದ್ದ. ಒಂದು ಕಾಲಕ್ಕೆ ರೈಲು ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು, ಯಾವ ಗಾಡಿ ಯಾವ ಪ್ಲಾಟ್‌ಫಾರಂ ಎಂದು ಸಾರುತ್ತಿದ್ದ ಗಂಟಲು ಅದು ಎಂದು ಅಕ್ಕ ಬಾಗಿಲಲ್ಲಿ ನಿಂತು ಹೇಳಿದಳು. ಫೋನ್ ಯಾಕೆ ಕತ್ತರಿಸುತ್ತಿದ್ದ ಎಂದು ಇನ್ನು ಕೇಳಬೇಕಾಗಿರಲಿಲ್ಲ.

“ಒಂದು ಮಾತು ಏಳ್ಬೋದಿತ್ತಲ್ಲ ನನಗೆ.”

“ಹೇಳ್ಬೋದಿತ್ತು.”

“ನೋಡಿ! ಸಾಯೋ ಒತ್ತಲ್ಲೂ ತಿದ್ದೋದು ಬಿಡಲ್ಲ ಇವರು!” ಎಂದವಳೇ ನಾಲಗೆ ಕಚ್ಚಿಕೊಂಡಳು. ಅಕ್ಕ ಮುಖ ತಿರುಗಿಸಿದಳು. ಅವನು ನಕ್ಕ. ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲು ಬಹಳ ಹೊತ್ತಾಯಿತು, ತುಟಿ ನೀಲಿಯಾಯಿತು. ನಿಂತ ಮೇಲೂ ಅವನ ಕಣ್ಣಲ್ಲಿ ನಗು ಇತ್ತು.

“ಆ ‘ಹುಸಿರು’…” ಎಂದ. “ನಗಿಸೋಕೆ… ಬಿಟ್ಟಿದ್ದಲ್ಲ.”

“ಬೇಡ ಬಿಡಿ, ಮಾತಾಡ್ಬೇಡಿ.”

“ಕೇಳು. ನಿನ್ನ ಬರಹದಲ್ಲಿ… ಎಲ್ಲ ಕಡೆ… ಉಸಿರು ಕಮ್ಮಿ. ಅದೊಂದು ಪದಕ್ಕೆ… ನೀನು ಹೆಚ್ಚಿಗೆ ಹಾಕಿದ್ದೆ. ಉಸಿರಿಗೇ… ಉಸಿರು. ನನ್ನ ಕೈ… ಬರಲಿಲ್ಲ… ತೆಗೆಯೋಕೆ.”

ಅವಳು ಕಿಟಕಿಯ ಕಡೆ ನೋಡಿದಳು. ಕೆಳಗೆ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು.

“ದೋಣಿ… ದಡ ಸೇರತ್ತಾ?”

ಅವಳು ಫೋನ್ ತೆಗೆದು ಓದಿದಳು. ಹಕಾರವನ್ನೆಲ್ಲ ನುಂಗುವ ಅದೇ ನಾಲಗೆಯಲ್ಲಿ. ಅವಳ ಕಥೆಯಲ್ಲಿ ದೋಣಿ ಬರಲೇ ಇಲ್ಲ. ಕಾದು ಕಾದು ದೀಪದವಳೇ ಮೆಟ್ಟಿಲಿಳಿದಳು, ಒಂದು ಹಳೆಯ ತೆಪ್ಪ ಬಿಚ್ಚಿದಳು, ಹುಸಿರು ಬಿಗಿಹಿಡಿದು ಮಂಜಿನೊಳಗೆ ಹೊರಟಳು.

“ದೀಪ… ಬಿಟ್ಟು ಬಂದ್ಲಾ? ಕೆಲಸ… ಹೋಗತ್ತೆ ಅವಳದ್ದು.”

“ಓಗ್ಲಿ.”

“ಬಂದು… ಏನು ಮಾಡ್ತಾಳೆ? ಅವನು… ಮುಳುಗೋನು.”

“ಮುಳುಗೋವರೆಗೂ ಪಕ್ಕದಲ್ಲಿ ಇರ್ತಾಳೆ. ಬೇಡ ಅನ್ನೋಕೆ ಅವನ್ಯಾರು? ಅವಳಿಗೆ ಅವನು ಬೇಕು. ಅಷ್ಟೇ. ನನಗೆ ಬೇಕು ನೀವು.”

ಅವನು ಈ ಸಲ ಏನೂ ತಿದ್ದಲಿಲ್ಲ. ಕೈ ಚಾಚಿದ.

ಹೊರಡುವ ಮುಂಚೆ ಅವಳು ಅವನ ಹಾಸಿಗೆಯ ಶೀಟು ಬದಲಿಸಿದಳು. ಮೊದಲೇ ಒಗೆದು ಒಣಗಿದ್ದ ಇನ್ನೊಂದನ್ನು ಮಡಿಸಬೇಕಿತ್ತು. ಅವಳು ಬಾಗಿಲ ಕಡೆ ಹೋಗುವಷ್ಟರಲ್ಲಿ ಅವನು ಕೂತಲ್ಲೇ ಒಂದು ತುದಿ ಹಿಡಿದುಕೊಂಡ. ಅವಳು ಇನ್ನೊಂದು ತುದಿ ಹಿಡಿದು ಹತ್ತಿರ ಬಂದಳು, ದೂರ ಹೋದಳು, ಇನ್ನೂ ಹತ್ತಿರ ಬಂದಳು. ಪ್ರತಿ ಮಡಿಕೆಗೂ ಅವನ ಬೆರಳು ಅವಳ ಬೆರಳಿಗೆ ತಾಗಿತು. ಶೀಟು ಅಂಗೈಯಗಲ ಆಗಿಹೋಯಿತು, ಇನ್ನು ಮಡಿಸಲು ಬಟ್ಟೆಯೇ ಇಲ್ಲ. ಇಬ್ಬರೂ ಬಿಡಲಿಲ್ಲ.

“ಲಾಂಡ್ರಿಯಲ್ಲಿ… ಎಲ್ಲರ ಜೊತೆ… ಹೀಗೇ ಮಡಿಸ್ತೀಯಾ?”

“ಅಲ್ಲಿ ಇಷ್ಟು ನಿದಾನ ಮಾಡಿದ್ರೆ ಸೂಪರ್ವೈಸರ್ ಒದ್ದು ಓಡಿಸ್ತಾನೆ.”

ಆಮೇಲಿನ ಪ್ರತಿ ರಜೆಗೂ ಅದೇ ಬಸ್ಸು. ಅಣ್ಣ ಬೈದ, ಸಾಯುವವನ ಹಿಂದೆ ಸುತ್ತುತ್ತೀಯಲ್ಲ, ಬುದ್ಧಿ ಮಣ್ಣು ತಿಂದಿದೆಯೇ ಎಂದು. ಹೌದು ಅಣ್ಣ, ತಿಂದಿದೆ ಎಂದಳು. ಹೆಚ್ಚು ಸಲ ಹೋಗಬೇಕಾಗಿ ಬರಲಿಲ್ಲ. ಒಂದು ರಜೆಯ ಬೆಳಿಗ್ಗೆ ಸೈಕಲ್ ಅಂಗಡಿ ಮುಚ್ಚಿತ್ತು. ಮೇಲೆ ಯಂತ್ರದ ಗುಂಯ್ ಸದ್ದಿಲ್ಲ. ಅಷ್ಟರಿಂದಲೇ ತಿಳಿಯಿತು. ಅವನನ್ನು ಕೊಂಡೊಯ್ದ ಮೇಲೆ ಕೋಣೆಯಲ್ಲಿ ಉಳಿದದ್ದು ಆ ಹಾಸಿಗೆಯ ಶೀಟು. ಒಗೆದು ಒಣಗಿಸಿದಳು. ಅಕ್ಕ ಬಂದು ಒಂದು ತುದಿ ಹಿಡಿಯಲು ಹೋದರೆ ಬೇಡ ಎಂದಳು. ಬಾಗಿಲಿಗೆ ಸಿಕ್ಕಿಸಿ ಒಬ್ಬಳೇ ಮಡಿಸಿದಳು.

ಗ್ರೂಪಿಗೆ ಮತ್ತೆ ಸೇರಿ, ಅವನು ಇನ್ನಿಲ್ಲ ಎಂದು ಒಂದು ಸಾಲು ಬರೆದಳು. ಹುಸಿರು ಯಾಕೆ ಉಳಿಯಿತು ಎಂದು ಇನ್ನೊಂದು ಸಾಲು. ಅದರ ಕೆಳಗೆ ಕೊನೆಯ ಕಂತು ಹಾಕಿದಳು. ಅದರಲ್ಲಿ ಎಲ್ಲ ಮಹಾಪ್ರಾಣಗಳೂ ತಮ್ಮ ತಮ್ಮ ಜಾಗದಲ್ಲಿದ್ದವು. ತಿದ್ದುವವನಿಲ್ಲದೆ ಅವಳು ತಾನೇ ತಿದ್ದಿಕೊಂಡ ಮೊದಲ ಬರಹ ಅದು.

ಸ್ವಲ್ಪ ಕಾಲದ ನಂತರ ಹೊಸದಾಗಿ ಸೇರಿದವರು ಯಾರೋ ಬರೆದರು: “ತುಂಬಾ ಚೆನ್ನಾಗಿದೆ ಮೇಡಂ. ‘ಹುಸಿರು’ ಅಂತ ಒಂದು ತಪ್ಪು ಉಳಿದುಬಿಟ್ಟಿದೆ, ತಿದ್ದಿಬಿಡಿ.”

ಅವಳು ಉತ್ತರಿಸುವ ಮುಂಚೆಯೇ ಇನ್ನೊಬ್ಬರ ಉತ್ತರ ಬಂದಿತ್ತು. ಅದೇ ಕೊಕ್ಕೆ. “ಅದನ್ನ ಮುಟ್ಬೇಡಿ. ಅದು ತಿದ್ದಿ ಆಗಿದೆ.”

ಇಷ್ಟೇ ಕಥೆ. ನನಗೂ ಈಗೀಗ ದಮ್ಮು ಸಾಲುವುದಿಲ್ಲ. ಇದನ್ನು ನಿಮ್ಮ ನಿಮ್ಮವರಿಗೆ ಕಳಿಸಿ, ಕೇಳಿಸಿಕೊಳ್ಳಲು ಪುರುಸೊತ್ತಿಲ್ಲ ಎನ್ನುವವರಿಗೆ ಕೂರಿಸಿ ಹೇಳಿ. ಬಸ್ಸನ್ನು ಬೇಕಾದರೆ ರೈಲು ಮಾಡಿಕೊಳ್ಳಿ, ನನ್ನದೇನೂ ಹೋಗುವುದಿಲ್ಲ. ಆ ಒಂದು ಪದದ ಹಕಾರ ಮಾತ್ರ ಬಿಡಬೇಡಿ.