ಬೇರಿಗೆ ಕಟ್ಟಿದ ಕವರ್

ಶುಕ್ರವಾರ ಬೆಳಗ್ಗೆ ಏಳಕ್ಕೆ ಅಡುಗೆಯ ರಂಗಲಕ್ಷ್ಮಮ್ಮ ಗೇಟು ತೆಗೆದಾಗ ಮಹಾಲಿಂಗಯ್ಯನವರು ಅಂಗಳದ ತೆಂಗಿನ ಮರದ ಬುಡದಲ್ಲಿ ಬಿದ್ದಿದ್ದರು. ಪ್ರಾಣ ಹೋಗಿತ್ತು. ಹಣೆಯ ವಿಭೂತಿ ಮಾಸಿರಲಿಲ್ಲ, ಉಟ್ಟಿದ್ದು ಪೂಜೆಯ ಪಂಚೆ. ಪಕ್ಕದಲ್ಲಿ ಕೀಟನಾಶಕದ ಬಾಟಲಿ. ಮರದ ಬುಡ ಕೆದಕಿ, ಬೇರೊಂದಕ್ಕೆ ವಿಷ ತುಂಬಿದ ಪ್ಲಾಸ್ಟಿಕ್ ಕವರ್ ಕಟ್ಟಲಾಗಿತ್ತು.

ಪಿಎಸ್‌ಐ ಶಶಿರೇಖಾ ಬರುವಷ್ಟರಲ್ಲಿ ತುಮಕೂರಿನ ಆ ಬೀದಿ ತೀರ್ಪು ಕೊಟ್ಟಾಗಿತ್ತು. ಹಿಂದಿನ ದಿನ ಮರಕ್ಕೆ ಔಷಧಿ ಹಾಕಿದವನು ಹೆಬ್ಬೂರಿನ ಚಿಕ್ಕಬೋರಯ್ಯ. ಬಾಟಲಿ ಬಿಟ್ಟುಹೋಗಿದ್ದಾನೆ, ಹಿರಿಯರು ತಿಳಿಯದೆ ಮುಟ್ಟಿ ಸತ್ತಿದ್ದಾರೆ. ಮರ ಹತ್ತುವವನಿಗಿಂತ ಸುಲಭದ ಆರೋಪಿ ಇನ್ನೆಲ್ಲಿ ಸಿಗುತ್ತಾನೆ! ಕಾನ್‌ಸ್ಟೇಬಲ್ ಆಂಜನಪ್ಪ ಆಗಲೇ ಅವನನ್ನು ಠಾಣೆಗೆ ತಂದು ಕೂರಿಸಿದ್ದ.

"ಔಷಧಿ ಹಾಕಿದ್ದು ನಿಜ ತಾನೆ?" ಶಶಿರೇಖಾ ಕೇಳಿದಳು.

"ದಿಟ ಮೇಡಂ. ಆದ್ರೆ ಬುಡಕ್ಕಲ್ಲ, ಸುಳಿಗೆ. ಆ ಕವರ್ ನಾನು ಕಟ್ಟಿಲ್ಲ." ಚಿಕ್ಕಬೋರಯ್ಯ ಕೈಮುಗಿದ. "ಮೂವತ್ತು ವರ್ಷದಿಂದ ಈ ಬೀದಿ ಮರ ಹತ್ತುತಾ ಇದೀನಿ. ಜೈಲಿಗೆ ಹೋದ್ರೆ ಹೋದೆ ಬುಡಿ. ವಿಷ ಹಾಕಿ ಕೊಂದವ್ನೆ ಅಂದ್ರೆ ನಾಳೆ ಯಾರು ಗೇಟ್ ಒಳಗೆ ಬುಟ್ಕೋತಾರೆ?"

ಅವಳಿಗೆ ಸಂಕಟವಾಯಿತು. ಆದರೆ ಸಂಕಟ ಸಾಕ್ಷಿಯಲ್ಲ.

*

ಶಶಿರೇಖಾ ಗುಬ್ಬಿಯ ತೆಂಗು ಬೆಳೆಯುವ ಮನೆಯ ಮಗಳು. ಠಾಣೆಯಿಂದ ಅಂಗಳಕ್ಕೆ ಮರಳಿ ಬಂದು ಮೊದಲು ತಲೆಯೆತ್ತಿ ಮರ ನೋಡಿದಳು. ಗರಿಗಳು ಕತ್ತರಿಯಲ್ಲಿ ಕತ್ತರಿಸಿದ ಹಾಗಿದ್ದವು, ಎರಡೂ ಮಗ್ಗುಲಲ್ಲಿ ಒಂದೇ ಅಳತೆ. ಒಣಗಿದ ಗರಿ ಒಂದೂ ಇರಲಿಲ್ಲ. ಆಮೇಲೆ ಬಗ್ಗಿ ಕವರ್ ನೋಡಿದಳು. ವಿಷ ಕಂಠಮಟ್ಟ ಇತ್ತು.

"ಅಮ್ಮಾ, ನಿನ್ನೆ ಚಿಕ್ಕಬೋರಯ್ಯ ಹಾಕಿದ ಔಷಧಿ ನೀವು ನೋಡಿದ್ರಾ?"

"ನೋಡೋದೇನವ್ವ, ಬಕೆಟ್‌ನಲ್ಲಿ ಕಲಸಿಕೊಟ್ಟೋಳೇ ನಾನು," ಅಂದಳು ರಂಗಲಕ್ಷ್ಮಮ್ಮ.

"ಯಜಮಾನ್ರು ಬೆಳಗ್ಗೆ ಏನು ತಗೋತಿದ್ರು?"

"ಜೀರಿಗೆ ಕಷಾಯ. ರಾತ್ರಿ ಹೋಗೋವಾಗ ಫ್ಲಾಸ್ಕಿಗೆ ಹಾಕಿಟ್ಟು ಹೋಯ್ತೀನಿ. ಪೂಜೆ ಮುಗಿಸಿ ಕುಡೀತಾರೆ." ಅವಳು ಸೆರಗಿನಿಂದ ಕಣ್ಣೊತ್ತಿಕೊಂಡಳು. "ಇವತ್ತು ಯಾರೋ ಫ್ಲಾಸ್ಕ್ ತೊಳೆದು ಬೋರಲು ಹಾಕವ್ರೆ. ಅವ್ರು ಒಂದು ದಿನಕ್ಕೂ ಲೋಟ ತೊಳೆದೋರಲ್ಲ."

ಹನ್ನೊಂದಕ್ಕೆ ಮಹಾಲಿಂಗಯ್ಯನವರ ತಮ್ಮನ ಮಗ ಬಸವರಾಜ್ ಅಳುತ್ತಾ ಕುಣಿಗಲ್‌ನಿಂದ ಬಂದ. ತಂದೆ ತಾಯಿ ಇಲ್ಲದವನನ್ನು ಮಕ್ಕಳಿಲ್ಲದ ಈ ದೊಡ್ಡಪ್ಪನೇ ಸಾಕಿದ್ದರು.

"ಬುಧವಾರ ಫೋನ್ ಮಾಡಿದ್ರು ಮೇಡಂ. ಮರಕ್ಕೆ ಹುಳ ಬಿದ್ದೈತೆ, ನಾಳೆ ಬೋರಯ್ಯ ಔಷಧಿ ಹಾಕ್ತಾನೆ ಅಂದ್ರು. ಆ ದರಿದ್ರ ಔಷಧೀನೇ ಅವರನ್ನ ತಿಂದ್ಹಾಕ್ತು."

"ನಿಮ್ಮ ಕುಣಿಗಲ್ ತೋಟದ ತೆಂಗಿಗೂ ಹುಳ ಬಿದ್ದಿತ್ತಾ?"

"ಹೋದ ವರ್ಷ. ಗರಿಯೆಲ್ಲ ಸುಟ್ಟಂಗಾಗಿತ್ತು. ಕಪ್ಪುತಲೆ ಹುಳ. ಬೇರಿಗೆ ಕವರ್ ಕಟ್ಟಿಸಿದ್ಮೇಲೆ ಹೋಯ್ತು."

"ಇವತ್ತು ಬೆಳಗ್ಗೆ ಎಲ್ಲಿದ್ರಿ?"

"ಊರಲ್ಲೇ. ಸುದ್ದಿ ಬಂದ್ಮೇಲೇ ಹೊರಟಿದ್ದು."

ಶಶಿರೇಖಾ ಬಾಟಲಿಯ ಮೇಲಿನ ನಂಬರ್ ಬರೆದುಕೊಟ್ಟು ಆಂಜನಪ್ಪನನ್ನು ಕುಣಿಗಲ್‌ಗೆ ಕಳಿಸಿದಳು.

*

ಶನಿವಾರ ಸಂಜೆ ಅವಳು ಎಲ್ಲರನ್ನೂ ಅದೇ ಅಂಗಳಕ್ಕೆ ಕರೆಸಿದಳು. ಚಿಕ್ಕಬೋರಯ್ಯನನ್ನೂ ಕರೆತರಲಾಯಿತು. ಬೀದಿಯ ಜನ ಕಾಂಪೌಂಡಿನಾಚೆ ನೆರೆದರು. ನೆರೆಯಲಿ ಎಂದೇ ಅವಳು ಗೇಟು ತೆರೆದಿಟ್ಟಿದ್ದಳು.

"ವಿಷ ಹೊಟ್ಟೆಯಲ್ಲಿತ್ತು ಅಂತ ಡಾಕ್ಟರ್ ಹೇಳಿದ್ದಾರೆ, ಕಷಾಯದ ಜೊತೆ. ಮಹಾಲಿಂಗಯ್ಯನವರು ಉಟ್ಟಿದ್ದು ಪೂಜೆಯ ಪಂಚೆ. ಅದನ್ನುಟ್ಟು ಯಾರೂ ಮಣ್ಣು ಕೆದಕಲ್ಲ. ಅಂದ್ರೆ ಅವರು ಸತ್ತಿದ್ದು ಒಳಗೆ. ಫ್ಲಾಸ್ಕಿಗೆ ವಿಷ ಬೆರೆಸಿ, ಆಮೇಲೆ ಅದನ್ನ ತೊಳೆದು, ಇವರನ್ನ ಇಲ್ಲಿಗೆ ತಂದು ಮಲಗಿಸಿದ್ದು ಬೇರೆಯವರು."

"ಇವನೇ ಇರಬೇಕು," ಬಸವರಾಜ್ ಚಿಕ್ಕಬೋರಯ್ಯನತ್ತ ಕೈ ತೋರಿಸಿದ.

"ಗುರುವಾರ ಕಟ್ಟಿದ್ರೆ ಬೆಳಗಾಗೋದ್ರೊಳಗೆ ಮರ ಒಂದಿಷ್ಟಾದ್ರೂ ಕುಡಿದಿರೋದು. ಕವರ್ ತುಂಬಿತ್ತು, ಅಂದ್ರೆ ಕಟ್ಟಿದ್ದು ಶುಕ್ರವಾರ." ಶಶಿರೇಖಾ ಮೇಲಕ್ಕೆ ಬೆರಳು ತೋರಿಸಿದಳು. "ಆ ಗರಿ ನೋಡಿ. ಸುಟ್ಟಿಲ್ಲ, ಕತ್ತರಿಸಿದಂಗಿದೆ. ಇದು ಸುಳಿ ಕೊರೆಯೋ ದುಂಬಿ. ಇದಕ್ಕೆ ಬೇರಿಗೆ ವಿಷ ಕೊಡಲ್ಲ. ಕೊಕ್ಕೆ ಹಾಕಿ ದುಂಬಿ ಎಳೀತಾರೆ, ಸುಳಿಗೆ ಔಷಧಿ ಹಾಕ್ತಾರೆ. ರಂಗಲಕ್ಷ್ಮಮ್ಮ, ನೀವು ಕಲಸಿದ ಔಷಧಿ ಯಾವುದು?"

"ಬೇವಿನ ಹಿಂಡಿ, ಮರಳು. ಇನ್ನೇನು?"

ಕಾಂಪೌಂಡಿನಾಚೆ ಗುಸುಗುಸು ಎದ್ದಿತು.

"ಮರಕ್ಕೆ ಹುಳ ಅಂತ ಮೊದಲೇ ಗೊತ್ತಿದ್ದೋರು ಮೂರೇ ಜನ. ಕಲಸಿದವರಿಗೂ ಹಾಕಿದವನಿಗೂ ಔಷಧಿ ಅಂದ್ರೆ ಹಿಂಡಿ ಅಂತ ಗೊತ್ತು. ಬರೀ ಔಷಧಿ ಅನ್ನೋ ಮಾತನ್ನ ಫೋನಿನಲ್ಲಿ ಕೇಳಿದವರು ಒಬ್ರೇ. ತಮ್ಮ ತೋಟದಲ್ಲಿ ನಡೆದಿದ್ದೇ ಇಲ್ಲೂ ನಡೆದಿರುತ್ತೆ ಅಂದ್ಕೊಂಡು ಬೇರಿಗೆ ಕವರ್ ಕಟ್ಟಿದ್ರು. ಅಲ್ವಾ ಬಸವರಾಜ್?"

"ಸುಮ್ನೆ ಏನೇನೋ ಹೇಳ್ಬೇಡಿ."

"ನಂಬರ್ ಪ್ರಕಾರ ಈ ಬಾಟಲಿ ಮಾರಾಟ ಆಗಿದ್ದು ಕುಣಿಗಲ್ ಅಂಗಡಿಯಲ್ಲಿ. ಗುರುವಾರ ಸಂಜೆ ನೀವೇ ತಗೊಂಡು ಹೋದ್ರಿ ಅಂತ ಅಂಗಡಿಯವನು ಗುರುತು ಹೇಳಿದ್ದಾನೆ. ನಸುಕಿನಲ್ಲಿ ನಿಮ್ಮ ಬೈಕ್ ಈ ಬೀದಿಗೆ ಬಂದಿದ್ದು ಎದುರುಮನೆ ಕ್ಯಾಮೆರಾದಲ್ಲಿದೆ."

ಬಸವರಾಜ್ ಜಗಲಿಯ ಮೇಲೆ ಕುಸಿದ. "ಸೋಮವಾರ ಈ ಮನೆ ದಾನವಾಗಿ ಮಠದ ಹಾಸ್ಟೆಲ್‌ಗೆ ರಿಜಿಸ್ಟರ್ ಆಗ್ತಿತ್ತು. ನಾನು ಓಡಾಡಿ ಬೆಳೆದ ಮನೆ. ಒಂದ್ಮಾತು ಕೇಳ್ಲಿಲ್ಲ. ನಾನು ಅವ್ರಿಗೆ ಏನೂ ಅಲ್ವಾ?"

ಆಂಜನಪ್ಪ ಅವನ ರಟ್ಟೆ ಹಿಡಿದೆತ್ತಿದ. ಶಶಿರೇಖಾ ಬೀದಿಯವರ ಕಡೆ ತಿರುಗಿ, "ಚಿಕ್ಕಬೋರಯ್ಯನದು ಏನೂ ತಪ್ಪಿಲ್ಲ. ಎಲ್ಲರೂ ಕೇಳಿಸ್ಕೊಳ್ಳಿ," ಎಂದಳು. ನಿನ್ನೆ ಬಾಯಿಗೆ ಬಂದಂತೆ ಅಂದವರು ಇಂದು ನೆಲ ನೋಡಿದರು. ಹಿಂದಿನಿಂದ ಯಾರೋ ಒಬ್ಬರು, "ನಾಳಿದ್ದು ನಮ್ಮನೆ ಕಡೆ ಬಾರಪ್ಪ," ಎಂದರು.

ಚಿಕ್ಕಬೋರಯ್ಯ ತಲೆಯಾಡಿಸಿದ. ಅವನ ಕಣ್ಣು ಬಸವರಾಜನ ಮೇಲೇ ಇತ್ತು. ಬೈಯುತ್ತಾನೆ, ಬೈಯಲಿ ಎಂದುಕೊಂಡಳು ಶಶಿರೇಖಾ.

"ಗುರುವಾರ ಮರದ ಮೇಲಿಂದ ಕೇಳ್ದೆ ಕಣಪ್ಪ, ಎಳನೀರು ಕೀಳ್ಲಾ ಬುದ್ಧೀ ಅಂತ," ಅಂದ ಚಿಕ್ಕಬೋರಯ್ಯ. "ಬ್ಯಾಡ ಕಣೋ, ಭಾನುವಾರ ನಮ್ಮ ಬಸವ ಬತ್ತಾನೆ, ಅವನ ಕೈಲೇ ಕೀಳಿಸ್ತೀನಿ ಅಂದ್ರು."