ಮೂರು ದಿನ ಮೊದಲೇ ಬಂದ ಲೇಖನಗಳು

ಕಳ್ಳತನ ಬಯಲಾದದ್ದು ಬೆಳಗ್ಗೆ ಒಂಬತ್ತಕ್ಕೆ. ಬೀಗ ಮುರಿದಿರಲಿಲ್ಲ. ಅಂಗಡಿಯ ಒಂದು ಸೂಜಿಯೂ ಕದಲಿರಲಿಲ್ಲ. ಆದರೂ ಮಿಷಿನ್ ಅಕ್ಕನ ಎರಡು ವರ್ಷದ ದುಡಿಮೆ ಪೂರ್ತಿ ಬೇರೆಯವರ ಪಾಲಾಗಿತ್ತು.

ಅಕ್ಕ ಹೊಲಿಗೆ ಯಂತ್ರ ರಿಪೇರಿ ಮಾಡುವವಳು. ಗಂಡ ತೀರಿಕೊಂಡ ಮೇಲೆ ಅಂಗಡಿ ಅವಳ ಕೈಗೆ ಬಂತು. ಆಮೇಲೆ ಸಿದ್ಧ ಉಡುಪು ಬಂತು, ಮನೆಮನೆಯ ಮಿಷಿನುಗಳು ಮೂಲೆ ಸೇರಿದವು, ಅಂಗಡಿಯ ಬಾಡಿಗೆ ಹುಟ್ಟುವುದೇ ಕಷ್ಟವಾಯಿತು. ಆಗ ಶುರು ಮಾಡಿದ್ದು ಬ್ಲಾಗು. ಕೆಟ್ಟ ಮಿಷಿನನ್ನು ಮನೆಯಲ್ಲೇ ಸರಿಮಾಡಿಕೊಳ್ಳುವುದು ಹೇಗೆ ಅಂತ ವಾರಕ್ಕೊಂದು ಲೇಖನ. ಓದಲು ಬಂದವರಿಗೆ ಪಕ್ಕದಲ್ಲಿ ಜಾಹೀರಾತು ಕಾಣಿಸುತ್ತದೆ, ಜಾಹೀರಾತು ಕಂಪನಿ ದುಡ್ಡು ಕೊಡುತ್ತದೆ. ಮೊದಲ ವರ್ಷ ಬಂದದ್ದು ಗುಂಡುಸೂಜಿಗೂ ಸಾಲದು. ಎರಡನೆಯ ವರ್ಷ ಬಾಡಿಗೆಗೆ ಸಾಕಾಯಿತು. ಈಗ ಬ್ಲಾಗ್ ಹೋದರೆ ಅಂಗಡಿಯೂ ಹೋದಂತೆ.

ಕಂಪನಿಯ ಪತ್ರ ಚಿಕ್ಕದಾಗಿತ್ತು. ‘ನಿಮ್ಮ ತೊಂಬತ್ತೆರಡು ಲೇಖನಗಳೂ ಬೇರೊಂದು ಬ್ಲಾಗಿನಿಂದ ಕದ್ದವು ಎಂದು ದೂರು ಬಂದಿದೆ. ನಾಡಿದ್ದು ಸಂಜೆ ಐದರೊಳಗೆ ನಿಮ್ಮವೇ ಎಂದು ತೋರಿಸದಿದ್ದರೆ ಖಾತೆಯನ್ನು ಶಾಶ್ವತವಾಗಿ ಮುಚ್ಚಲಾಗುವುದು.’

ಪತ್ರ ಬಂದು ಎರಡು ದಿನವಾಗಿತ್ತು. ಅಕ್ಕ ನೋಡಿದ್ದು ಇವತ್ತು!

ಆ ಬೇರೊಂದು ಬ್ಲಾಗನ್ನು ತೆರೆದು ನೋಡಿದಳು. ಅವಳ ಮಾತು, ಅವಳ ಚಿತ್ರ, ಅವಳ ತಮಾಷೆ ಎಲ್ಲವೂ ಅಲ್ಲಿತ್ತು. ಆದರೆ ಪ್ರತಿ ಲೇಖನದ ಮೇಲೂ ಅವಳದಕ್ಕಿಂತ ಮೂರು ದಿನ ಹಿಂದಿನ ತಾರೀಕು. ಅವಳು ಭಾನುವಾರ ಹಾಕಿದ್ದನ್ನು ಅವರು ಗುರುವಾರವೇ ಹಾಕಿದ್ದರು.

ಗುರುವಾರ! ಗುರುವಾರವೆಂದರೆ ಲೇಖನ ಟೈಪ್ ಆಗುವ ದಿನ. ಅಕ್ಕ ಕೈಗೆ ಎಣ್ಣೆ ಮೆತ್ತಿಕೊಂಡು ಹೇಳುತ್ತ ಹೋಗುತ್ತಾಳೆ, ಜೊತೆಯಲ್ಲೇ ಇರುವ ಓರಗಿತ್ತಿ, ಮೈದುನನ ಹೆಂಡತಿ, ಕುಳಿತು ಟೈಪ್ ಮಾಡಿ ಪ್ರಿಂಟ್ ತೆಗೆಯುತ್ತಾಳೆ. ಗುರುವಾರ ಆ ಕಾಗದ ಇನ್ನಾರ ಕಣ್ಣಿಗೂ ಬೀಳುವುದಿಲ್ಲ.

ಅಕ್ಕ ಆ ಬ್ಲಾಗಿನ ಲೇಖನಗಳನ್ನು ಎಣಿಸಿದಳು. ತೊಂಬತ್ತೆರಡಲ್ಲ, ತೊಂಬತ್ತಮೂರು. ಹೆಚ್ಚಿನ ಆ ಒಂದನ್ನು ತೆರೆದಳು. ಎರಡು ತಿಂಗಳ ಹಿಂದೆ ಓರಗಿತ್ತಿ ಅಡುಗೆ ಎಣ್ಣೆ ಬಿಟ್ಟು ಮಿಷಿನ್ ಕೆಡಿಸಿದ ಕಥೆ ಅದು. ಟೈಪ್ ಮಾಡುವಾಗ ನಕ್ಕಿದ್ದವಳು ಬ್ಲಾಗಿನಲ್ಲಿ ನೋಡಿ ‘ನನ್ನ ಮಾನ ಹರಾಜು ಹಾಕ್ತೀರಾ?’ ಎಂದು ರಂಪ ಮಾಡಿದ್ದಕ್ಕೆ, ಅಕ್ಕ ಪ್ರಕಟಿಸಿದ ಅರ್ಧ ಗಂಟೆಯಲ್ಲೇ ಅದನ್ನು ತೆಗೆದುಹಾಕಿದ್ದಳು. ಹಾಗಾದರೆ ಅದನ್ನು ನೋಡಿದವರು ಯಾರು? ಮನೆಯವರು ಮಾತ್ರ.

ಅಂಗಡಿಯ ಹಿಂದೆಯೇ ಮನೆ. ಅಕ್ಕ ಒಳಗೆ ನುಗ್ಗಿದಳು.

“ಎಷ್ಟಕ್ಕೆ ಮಾರಿದ್ಯೇ?”

ಓರಗಿತ್ತಿ ಬಟ್ಟೆ ಮಡಚುತ್ತಿದ್ದಳು. “ಏನನ್ನ?”

“ನನ್ನ ಲೇಖನಗಳನ್ನ! ಗುರುವಾರ ನಿನ್ನ ಕೈ ಬಿಟ್ಟರೆ ಇನ್ಯಾರ ಕೈಯಲ್ಲಿತ್ತು? ಬೇಲಿಯೇ ಎದ್ದು ಹೊಲ ಮೇಯೋದು ಅಂದ್ರೆ ಇದೇ!”

ಓರಗಿತ್ತಿ ಕೂಗಾಡಲಿಲ್ಲ. ಅಂಗಡಿಗೆ ಬಂದು ತನ್ನ ಪಾಲಿನ ಬೀಗದ ಕೈಯನ್ನು ಮೇಜಿನ ಮೇಲಿಟ್ಟಳು. “ತಗೊಳ್ಳಿ,” ಎಂದಷ್ಟೇ ಹೇಳಿ ಒಳಗೆ ಹೋಗಿ ಕದ ಹಾಕಿಕೊಂಡಳು.

*

ಹನ್ನೊಂದಕ್ಕೆ ಸುದ್ದಿ ಕೇಳಿ ದೊಡ್ಡಮ್ಮ ಬಂದಳು. ಅಕ್ಕನ ತಾಯಿಯ ಅಕ್ಕ. ಮೂವತ್ತನಾಲ್ಕು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿದವಳು. ಒಂದು ಕರಡಿಗೂ ಅದರ ಮುಂದಿನದಕ್ಕೂ ನಡುವೆ ಏನು ಬದಲಾಗಿದೆ ಅನ್ನುವುದರ ಮೇಲೆಯೇ ಕಣ್ಣಿಟ್ಟು ಬದುಕಿದ ಹೆಂಗಸು. ಕನ್ನಡಕ ಏರಿಸಿ ಎರಡು ಬ್ಲಾಗುಗಳನ್ನೂ ಅಕ್ಕಪಕ್ಕ ಇಟ್ಟುಕೊಂಡು ಒಂದು ಗಂಟೆ ಓದಿದಳು.

“ಯಾರ ಮೇಲೆ ಅನುಮಾನ?” ಎಂದಳು ಕೊನೆಗೆ.

“ಅನುಮಾನ ಏನು ಬಂತು? ಅವಳೇ. ಇಲ್ಲಾಂದ್ರೆ ಗಂಡ ಹೆಂಡ್ತಿ ಇಬ್ರೂ ಸೇರಿ.”

“ಬ್ಲಾಗ್ ಮೇಷ್ಟ್ರು ಏನಂದ್ರು?”

ಬ್ಲಾಗ್ ಮೇಷ್ಟ್ರು ಅಂದರೆ ‘ಬ್ಲಾಗಿನಿಂದ ಮನೆಯಲ್ಲೇ ಸಂಪಾದನೆ’ ಎಂಬ ತರಗತಿ ನಡೆಸುವವರು. ಅಕ್ಕ ಕಲಿತದ್ದು ಅವರಲ್ಲೇ. ಬೆಳಗ್ಗೆ ಫೋನ್ ಮಾಡಿ ಅತ್ತಿದ್ದಳು.

“‘ಮನೆಯೊಳಗಿನವರನ್ನೇ ನೋಡಿಕೊಳ್ಳಮ್ಮ, ಹೊರಗಿನವರಿಗೆ ಗುರುವಾರದ ಕಾಗದ ಹೇಗೆ ಸಿಗತ್ತೆ’ ಅಂದ್ರು. ದೇವರಂಥ ಮನುಷ್ಯ. ಮೂರು ಗಂಟೆಗೆ ಬರ್ತಾರೆ.”

“ಬರಲಿ ಬರಲಿ. ನಿನ್ನ ಮೈದುನನ್ನ ಕರಿ.”

ಮೈದುನ ಬಂದ. ಟಿಕೆಟ್ ಕೌಂಟರಿನಲ್ಲಿ ಕೆಲಸ. ಸ್ಕ್ರೂ ಯಾವ ಕಡೆ ತಿರುಗಿಸಿದರೆ ಬಿಚ್ಚುತ್ತದೆ ಎಂದು ಇವತ್ತಿಗೂ ತಿಳಿಯದ ಸಾಧು. ಬಲಗೈ ಹೆಬ್ಬೆರಳಿಗೆ ದಪ್ಪ ಪಟ್ಟಿ ಕಟ್ಟಿಕೊಂಡಿದ್ದ.

“ಬೆರಳಿಗೇನಯ್ಯಾ?”

ಅವನು ಅತ್ತಿಗೆಯ ಮುಖ ನೋಡಿದ. ಅಕ್ಕ ನೆಲ ನೋಡಿದಳು.

“ಹೇಳಿಬಿಡು,” ಎಂದಳು ಅಕ್ಕ. “ದೊಡ್ಡಮ್ಮಾ, ಯಾರಿಗೂ ಹೇಳ್ಬೇಡ, ನಗ್ತಾರೆ. ನಾನು ಬರೆದದ್ದು ಜನಕ್ಕೆ ಅರ್ಥ ಆಗತ್ತೋ ಇಲ್ವೋ ಅಂತ ಇವನ ಮೇಲೆ ಪರೀಕ್ಷೆ ಮಾಡ್ತೀನಿ. ಭಾನುವಾರ ಬೆಳಗ್ಗೆ ಕಾಗದ ಕೈಗೆ ಕೊಟ್ಟು ಮಿಷಿನ್ ಮುಂದೆ ಕೂರಿಸೋದು. ನಾನು ಬಾಯಿ ಬಿಡೋ ಹಾಗಿಲ್ಲ. ಅವನು ಎಲ್ಲಿ ಎಡವ್ತಾನೋ ಅಲ್ಲಿ ಅವನ ಹೆಂಡ್ತಿ ಕೈಲಿ ತಿದ್ದಿಸಿ, ಸಂಜೆ ಬ್ಲಾಗಿಗೆ ಹಾಕೋದು.”

“ಹದಿನೈದು ದಿನದ ಹಿಂದೆ ಎಡವಿದ್ದು ಜೋರಾಗೇ ಆಯ್ತು,” ಎಂದ ಮೈದುನ. “‘ಸೂಜಿಯ ಕೆಳಗಿನ ಶಟಲ್ ಹೊರಗೆ ತೆಗೆಯಿರಿ’ ಅಂತಿತ್ತು, ತೆಗೆಯೋಕೆ ಹೋದೆ. ಕಾಲು ಪೆಡಲ್ ಮೇಲಿಂದ ತೆಗೀರಿ ಅಂತ ಎಲ್ಲಿತ್ತು? ಸೂಜಿ ಉಗುರಲ್ಲಿ ಇಳಿದು ಆ ಕಡೆ ಬಂತು.”

“ಡಾಕ್ಟರ್ ಚೀಟಿ ಇದ್ಯಾ?”

“ಇದೆ.”

“ತಾ. ಗುರುವಾರದ ಕಾಗದಗಳು?”

“ಅವೂ ಇವೆ. ನಮ್ಮವಳು ಒಂದನ್ನೂ ಬಿಸಾಕಲ್ಲ, ತಾರೀಕು ಬರೆದು ಕಟ್ಟು ಕಟ್ಟಿ ಇಟ್ಟಿದ್ದಾಳೆ.”

ದೊಡ್ಡಮ್ಮ ಕಟ್ಟು ಬಿಚ್ಚಿದಳು. ಅಕ್ಕನ ಕಡೆ ತಿರುಗಿ, “ಈ ಪರೀಕ್ಷೆ ವಿಷಯ ಮೇಷ್ಟ್ರಿಗೆ ಗೊತ್ತಾ?” ಎಂದಳು.

“ಅಯ್ಯೋ! ಮರ್ಯಾದೆ ಪ್ರಶ್ನೆ. ‘ತಜ್ಞರ ಹಾಗೆ ಬರೀಬೇಕು’ ಅಂತ ಹೇಳಿಕೊಟ್ಟವರು ಅವರು. ಗುರುವಾರ ಟೈಪ್, ಭಾನುವಾರ ಪ್ರಕಟ ಅಂತ ಹೇಳಿದ್ದೀನಿ, ಅಷ್ಟೇ.”

“ತರಗತಿಯ ನೋಟ್‌ಬುಕ್ ಇದ್ರೆ ಕೊಡು,” ಎಂದು ದೊಡ್ಡಮ್ಮ ಕಾಗದಗಳಲ್ಲಿ ಮುಳುಗಿದಳು. ಗಡಿಯಾರದ ಮುಳ್ಳು ಓಡುತ್ತಿತ್ತು.

*

ಮೂರಕ್ಕೆ ಸರಿಯಾಗಿ ಮೇಷ್ಟ್ರು ಬಂದರು. ಇಸ್ತ್ರಿ ಅಂಗಿ, ಕೈಯಲ್ಲಿ ಒಂದು ಕರಾರು ಪತ್ರ.

“ಯೋಚನೆ ಮಾಡಬೇಡಿ,” ಎಂದರು. “ಬ್ಲಾಗ್ ನನ್ನ ಹೆಸರಿಗೆ ಮಾಡಿಕೊಡಿ. ಕಂಪನಿ ಹತ್ರ ನಾನು ಮಾತಾಡ್ತೀನಿ. ಬಂದದ್ದರಲ್ಲಿ ಅರ್ಧ ನಿಮಗೆ. ಪೂರ್ತಿ ಹೋಗೋದಕ್ಕಿಂತ ಅರ್ಧ ವಾಸಿ ಅಲ್ವಾ?”

ಅಕ್ಕ ಪೆನ್ನಿಗೆ ಕೈ ಚಾಚಿದಳು. ದೊಡ್ಡಮ್ಮ ಪೆನ್ನನ್ನು ತನ್ನ ಕಡೆ ಎಳೆದುಕೊಂಡಳು.

“ಒಂದು ಮಾತು ಮೇಷ್ಟ್ರೇ. ಇವಳು ಲೇಖನ ತಯಾರು ಮಾಡೋ ರೀತಿ ನಿಮಗೆ ಗೊತ್ತಾ?”

“ಗೊತ್ತಿಲ್ದೆ ಏನು? ಗುರುವಾರ ಟೈಪು, ಭಾನುವಾರ ಪ್ರಕಟಣೆ.”

“ನಡುವೆ?”

“ನಡುವೆ ಏನಿರತ್ತೆ? ವಿಶ್ರಾಂತಿ!” ಮೇಷ್ಟ್ರು ನಕ್ಕರು.

ದೊಡ್ಡಮ್ಮ ನಗಲಿಲ್ಲ. “ಎಲ್ಲರೂ ಎರಡು ಬ್ಲಾಗು ಒಂದೇ ಥರ ಇವೆ ಅಂತ ಗಾಬರಿಯಾದ್ರು. ಎಷ್ಟು ಒಂದೇ ಥರ ಅಂತ ಯಾರೂ ಕೇಳಲಿಲ್ಲ. ಶಟಲ್ ಲೇಖನ ಓದ್ತೀನಿ ಕೇಳಿ. ‘ಮೊದಲು ಕಾಲನ್ನು ಪೆಡಲಿನಿಂದ ತೆಗೆಯಿರಿ. ಸೂಜಿ ನಿಮ್ಮ ಹೆಬ್ಬೆರಳಿನ ಅಪ್ಪಣೆ ಕೇಳುವುದಿಲ್ಲ.’ ಈ ಸಾಲು ಕಳ್ಳನ ಬ್ಲಾಗಿನಲ್ಲೂ ಇದೆ. ತಾರೀಕು ಗುರುವಾರ.”

“ಅದೇ ನಾನೂ ಹೇಳೋದು! ಗುರುವಾರವೇ ಮನೆಯಿಂದ ಹೋಗಿದೆ.”

“ಗುರುವಾರದ ಕಾಗದ ಇಲ್ಲಿದೆ. ಇದರಲ್ಲಿ ಆ ಸಾಲು ಇಲ್ಲ. ಇರೋಕೆ ಸಾಧ್ಯವೂ ಇಲ್ಲ. ಈ ಹುಡುಗನ ಬೆರಳಿಗೆ ಸೂಜಿ ಹೊಕ್ಕಿದ್ದು ಭಾನುವಾರ. ಡಾಕ್ಟರ್ ಚೀಟಿ ನೋಡಿ. ಬೆರಳು ಭಾನುವಾರ ತೂತಾಯ್ತು, ಎಚ್ಚರಿಕೆ ಗುರುವಾರವೇ ಬಂತಾ?”

ಮೇಷ್ಟ್ರು ಚೀಟಿ ಮುಟ್ಟಲಿಲ್ಲ.

“ಇದೊಂದೇ ಅಲ್ಲ. ಅಲ್ಲಿರೋದೆಲ್ಲ ತಿದ್ದಿದ ಮೇಲಿನ ಬರಹವೇ. ಅಂದರೆ ಗುರುವಾರ ಏನೂ ಕಳುವಾಗೇ ಇಲ್ಲ! ಭಾನುವಾರ ಪ್ರಕಟವಾದ ಮೇಲೆ ನಕಲು ಮಾಡಿ, ಹಿಂದಿನ ತಾರೀಕು ಅಂಟಿಸಿದ್ದಾರೆ. ಮನೆಯವರು ಮಾಡಿದ್ರೆ ಹೀಗೆ ಮಾಡ್ತಿದ್ರಾ? ಗಂಡನ ಬೆರಳಿಗೆ ಸೂಜಿ ಇಳಿದ ದಿನ ಹೆಂಡತಿಗೆ ಮರೆತುಹೋಗತ್ತಾ?”

“ಆದ್ರೆ ದೊಡ್ಡಮ್ಮಾ,” ಅಕ್ಕ ತೊದಲಿದಳು, “ತೆಗೆದುಹಾಕಿದ ಆ ಅಡುಗೆ ಎಣ್ಣೆ ಲೇಖನ? ಅದನ್ನ ಮನೆಯವರು ಬಿಟ್ಟು…”

“ನಿನ್ನ ನೋಟ್‌ಬುಕ್ಕಲ್ಲೇ ಬರೆದಿದ್ದೀಯ, ಪ್ರಕಟ ಮಾಡಿದ ಕೂಡಲೇ ನೀನು ಮಾಡೋ ಮೊದಲ ಕೆಲಸ ಏನು?”

ಅಕ್ಕ ಮೇಷ್ಟ್ರ ಕಡೆ ತಿರುಗಿದಳು. ಪ್ರತಿ ಭಾನುವಾರ, ತಪ್ಪದೆ, ಶಿಷ್ಯೆಯ ನಿಷ್ಠೆಯಿಂದ ಮಾಡುವ ಕೆಲಸ. “ಮೇಷ್ಟ್ರಿಗೆ ಲಿಂಕ್ ಕಳಿಸೋದು. ಅವರು ನೋಡಿ ಮಾರ್ಕ್ಸ್ ಕೊಡ್ತಾರೆ.”

“ಗುರುವಾರ ಟೈಪಾಗತ್ತೆ ಅಂತ ಗೊತ್ತಿರೋನು. ಭಾನುವಾರದ ಪರೀಕ್ಷೆ ಗೊತ್ತಿಲ್ಲದೋನು. ಆ ಅರ್ಧ ಗಂಟೆಯಲ್ಲಿ ಲಿಂಕ್ ಸಿಕ್ಕೋನು. ಮೂರೂ ಒಬ್ಬನೇ. ಏನ್ ಮೇಷ್ಟ್ರೇ, ನಿಮ್ಮ ತರಗತಿಯ ಏಳನೇ ಪಾಠ ಇವಳ ನೋಟ್‌ಬುಕ್ಕಲ್ಲಿದೆ. ‘ಹೊಸ ಬ್ಲಾಗ್ ಹಳೆಯದಾಗಿ ಕಾಣಲು ಹಿಂದಿನ ತಾರೀಕು ಹಾಕುವುದು ಹೇಗೆ.’ ಓದ್ಲಾ?”

ಮೇಷ್ಟ್ರು ಕುರ್ಚಿಯಲ್ಲಿ ಕುಸಿದರು.

“ನನ್ನ ಬ್ಲಾಗಿಗೆ ದಿನಕ್ಕೆ ನಾಲ್ಕು ಜನ ಬರ್ತಾರೆ. ಅದರಲ್ಲಿ ಒಬ್ಬ ನಾನೇ. ‘ನಿಮ್ಮ ಸಂಪಾದನೆ ಎಷ್ಟು ತೋರಿಸಿ ಸಾರ್’ ಅಂತ ಹೊಸ ಬ್ಯಾಚಿನವರು ಪಟ್ಟು ಹಿಡಿದ್ರು. ಲಿಂಕ್ ಬಂದಾಗೆಲ್ಲ ನಕಲು ತೆಗೆದಿಟ್ಟಿದ್ದೆ, ಹೊಸ ಬ್ಲಾಗ್ ಮಾಡಿ ಅದನ್ನೇ ಹಾಕಿದೆ. ಆದರೆ ಇವರ ಬ್ಲಾಗ್ ಇರೋ ತನಕ ಅದು ನಕಲು ಅಂತಲೇ ಕಾಣತ್ತಲ್ಲ, ಅದಕ್ಕೆ…”

“ಅದಕ್ಕೆ ದೂರು ಕೊಟ್ರಿ. ನಿಮ್ಮ ಫೋನ್ ತೆಗೀರಿ. ನಮ್ಮ ಕಣ್ಣೆದುರಲ್ಲೇ ಒಪ್ಪಿಕೊಂಡು ವಾಪಸ್ ತಗೊಳ್ಳಿ.”

ಕಾಗದಗಳ ಕಟ್ಟು, ಡಾಕ್ಟರ್ ಚೀಟಿ, ತಪ್ಪೊಪ್ಪಿಗೆ ಎಲ್ಲದರ ಫೋಟೋ ಕಂಪನಿಗೆ ಹೋಯಿತು. ಐದಕ್ಕೆ ಹತ್ತು ನಿಮಿಷವಿರುವಾಗ ಉತ್ತರ ಬಂತು. ಖಾತೆ ಉಳಿದಿತ್ತು.

*

ಅಕ್ಕ ಒಳಗಿನ ಕದ ತಟ್ಟಿದಳು.

“ತಪ್ಪಾಯ್ತು ಕಣೇ. ಅದು ಮೇಷ್ಟ್ರ ಕೆಲಸ.”

ಕದ ಅರ್ಧ ತೆರೆಯಿತು. ಓರಗಿತ್ತಿಯ ಕಣ್ಣು ಊದಿತ್ತು. “ಎಲ್ಲಾ ಕೇಳಿಸ್ತು. ನಿಮ್ಮ ದೊಡ್ಡಮ್ಮ ಬರದೇ ಇದ್ದಿದ್ರೆ?”

ಅಕ್ಕ ಬೀಗದ ಕೈ ಚಾಚಿದಳು, ಓರಗಿತ್ತಿ ತೆಗೆದುಕೊಳ್ಳಲಿಲ್ಲ.

“ನಾನು ಕಳ್ಳಿ ಅಲ್ಲ ಅಂತ ನಂಬೋಕೆ ನಿಮಗೆ ಡಾಕ್ಟರ್ ಚೀಟಿ ಬೇಕಾಯ್ತು. ಎರಡು ವರ್ಷ ಟೈಪ್ ಮಾಡಿದ್ದೀನಿ. ಬ್ಲಾಗಲ್ಲೆಲ್ಲಾದ್ರೂ ನನ್ನ ಹೆಸರಿದ್ಯಾ? ಇನ್ಮೇಲೆ ನೀವೇ ಮಾಡ್ಕೊಳ್ಳಿ.”

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಾ ಅಂದರೆ ಬರುತ್ತದೆಯೇ? ಅಕ್ಕ ಅಂಗಡಿಗೆ ಮರಳಿದಳು. ಕೈಯನ್ನು ಎರಡು ಸಲ ಸೋಪು ಹಾಕಿ ತೊಳೆದಳು. ಕಂಪ್ಯೂಟರಿನ ಮುಂದೆ, ಟೈಪ್ ಮಾಡಲು ಎಂದೂ ಕೂರದ ಕುರ್ಚಿಯಲ್ಲಿ ಕುಳಿತು ಮೊದಲ ಲೇಖನ ತೆರೆದಳು. ‘ಬರೆದವರು’ ಎಂದಿದ್ದ ಕಡೆ ಒಂದೇ ಬೆರಳಿನಲ್ಲಿ, ಅಕ್ಷರ ಹುಡುಕಿ ಹುಡುಕಿ, ಓರಗಿತ್ತಿಯ ಹೆಸರನ್ನು ತನ್ನ ಹೆಸರಿಗಿಂತ ಮೊದಲು ಕುಟ್ಟಿದಳು. ಆಮೇಲೆ ಎರಡನೆಯದು. ಆಮೇಲೆ ಮೂರನೆಯದು. ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಕಣ್ಣು ಮಂಜಾಗಿ ಅಕ್ಷರಗಳೇ ಕಾಣದಾದವು.

ಎಂಟನೆಯದನ್ನು ಮುಗಿಸಿದಾಗ ಹಿಂದೆ ಕುರ್ಚಿ ಎಳೆದ ಸದ್ದಾಯಿತು. ಓರಗಿತ್ತಿ ಕೈ ಕಟ್ಟಿಕೊಂಡು ಪಕ್ಕದಲ್ಲಿ ಕುಳಿತಳು. ಕೀಲಿಮಣೆ ಮುಟ್ಟಲಿಲ್ಲ.

“ನೋಡೇ, ನಾನು ಬೆಳಗ್ಗೆ ಅಂದದ್ದು…” ಎಂದು ಅಕ್ಕ ಶುರು ಮಾಡಿದಳು.

“ಮಾತು ಬೇಡ, ಟೈಪ್ ಮಾಡಿ,” ಎಂದಳು ಓರಗಿತ್ತಿ. “ಇನ್ನೂ ಎಂಬತ್ತನಾಲ್ಕು ಇವೆ.”